ನೊಂದವರೊಡನೆ ಆಡುವ ಮಾತು

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ಒಂದು ಪತ್ರ ಬಂದಿತು. ಪದವಿ ತರಗತಿಯಲ್ಲಿ ನನ್ನ ಬಳಿ ಕನ್ನಡ ಓದಿ, ಮದುವೆಯಾಗಿ, ಗಂಡನೊಡನೆ ಅಮೆರಿಕಕ್ಕೆ ಹೋಗಿ, ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ನೆಲಸಿರುವವಳು ಆಕೆ. ಅಲ್ಲಿನ ವಕೀಲ ಸಂಸ್ಥೆಯೊಂದರಲ್ಲಿ ಪ್ರಚಾರಕ್ಕೆ ಬೇಕಾದುದನ್ನು ಬರೆದುಕೊಡುವುದು ಅವಳ ಉದ್ಯೋಗ.

“ಮೇಷ್ಟ್ರೇ, ನಮ್ಮದು ಅಪಘಾತದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡಿಸುವ ಸಂಸ್ಥೆ. ನಮ್ಮ ಜಾಹೀರಾತುಗಳ ದನಿ ತುಂಬ ಒರಟಾಯಿತೆಂದು ಯಜಮಾನರಿಗೆ ಈಗ ಅನ್ನಿಸಿದೆ. ‘ಇನ್ನು ಮೇಲೆ ಸ್ವಲ್ಪ ಆತ್ಮೀಯವಾಗಿ ಬರೆ’ ಎಂದಿದ್ದಾರೆ. ಆತ್ಮೀಯವಾಗಿ ಬರೆಯುವುದೆಂದರೆ ಏನು? ‘ಕಾಳಜಿ’, ‘ಕುಟುಂಬ’, ‘ಹೃದಯ’ ಎಂಬ ಮಾತುಗಳನ್ನು ನಾಲ್ಕು ಕಡೆ ಉದುರಿಸಿದರೆ ಆದೀತೆ? ರಸ, ಧ್ವನಿ, ಔಚಿತ್ಯ ಎಂದು ನಮಗೆ ಪಾಠ ಹೇಳಿದವರು ನೀವು. ಅದು ಉಪಯೋಗಕ್ಕೆ ಬರುವ ಕಾಲ ಈಗ ಬಂದಿದೆ” ಎಂದು ಬರೆದಿದ್ದಳು.

ಓದಿ ನಗು ಬಂದಿತು. ಅಲಂಕಾರಶಾಸ್ತ್ರಕ್ಕೂ ಅಮೆರಿಕದ ವಕೀಲರ ಜಾಹೀರಾತಿಗೂ ಎತ್ತಣಿಂದೆತ್ತ ಸಂಬಂಧ! ಆದರೆ ಪತ್ರವನ್ನು ಎರಡನೆಯ ಸಲ ಓದಿದಾಗ ನಗು ನಿಂತುಹೋಯಿತು. ಕಾಲು ಮುರಿದು ಮಲಗಿರುವವನ ಮುಂದೆ, ಮಗನನ್ನು ಕಳೆದುಕೊಂಡ ತಾಯಿಯ ಮುಂದೆ, ಪರಿಚಯವಿಲ್ಲದವನೊಬ್ಬ ಯಾವ ಮಾತನ್ನು ಆಡಬೇಕು? ಹೇಗೆ ಆಡಬೇಕು? ಆ ಮಾತಿನಿಂದ ತನಗೆ ಲಾಭವೂ ಉಂಟು ಎಂದಾದಾಗ ಎಷ್ಟು ಆಡಬೇಕು? ಇದು ಅಮೆರಿಕದವರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ.

ಜಾಹೀರಾತು ಬಂದ ಬಗೆ

ನಮ್ಮ ದೇಶದ ಓದುಗರಿಗೆ ವಕೀಲರ ಜಾಹೀರಾತು ಎಂಬ ಮಾತೇ ವಿಚಿತ್ರವಾಗಿ ತೋರಬಹುದು. ನಮ್ಮಲ್ಲಿ ವಕೀಲರ ಮನೆಯ ಬಾಗಿಲಿನ ಪಕ್ಕದಲ್ಲಿ ಒಂದು ಸಣ್ಣ ನಾಮಫಲಕ ಇರುತ್ತದೆ, ಹೆಚ್ಚಿನದೇನೂ ಇರುವುದಿಲ್ಲ. ಅಮೆರಿಕದಲ್ಲಿಯೂ ಬಹುಕಾಲ ಹೀಗೆಯೇ ಇದ್ದಿತು. ಅಲ್ಲಿನ ವಕೀಲರ ಸಂಘವು 1908ರಲ್ಲಿ ರಚಿಸಿದ ವೃತ್ತಿಧರ್ಮದ ಸೂತ್ರಗಳಲ್ಲಿ ಜಾಹೀರಾತನ್ನು ಅನುಚಿತವೆಂದು ಸಾರಿತ್ತು.

ಈ ಕಟ್ಟಳೆ ಮುರಿದದ್ದು ನನ್ನ ವಿದ್ಯಾರ್ಥಿನಿ ಈಗ ವಾಸವಾಗಿರುವ ಫೀನಿಕ್ಸ್ ನಗರದಲ್ಲಿಯೇ. ಜಾನ್ ಬೇಟ್ಸ್ ಮತ್ತು ವ್ಯಾನ್ ಓಸ್ಟೀನ್ ಎಂಬ ಇಬ್ಬರು ತರುಣ ವಕೀಲರು 1974ರಲ್ಲಿ ಅಲ್ಲಿ ಒಂದು ಕಾನೂನು ಚಿಕಿತ್ಸಾಲಯವನ್ನು ತೆರೆದರು. ಸಾಧಾರಣ ವರಮಾನದ ಜನರಿಗೆ ಕಡಿಮೆ ಶುಲ್ಕದಲ್ಲಿ ಸಾಮಾನ್ಯ ವ್ಯವಹಾರಗಳನ್ನು ನಡೆಸಿಕೊಡುವುದು ಅವರ ಉದ್ದೇಶ. ಆದರೆ ಇಂಥದೊಂದು ಕಚೇರಿ ಇದೆಯೆಂದು ಜನರಿಗೆ ತಿಳಿಯುವ ಬಗೆ ಹೇಗೆ? 1976ರ ಫೆಬ್ರವರಿ 22ರಂದು ಅವರು ಸ್ಥಳೀಯ ದಿನಪತ್ರಿಕೆಯೊಂದರಲ್ಲಿ ಯಾವ ಕೆಲಸಕ್ಕೆ ಎಷ್ಟು ಶುಲ್ಕ ಎಂಬ ಪಟ್ಟಿಯನ್ನು ಪ್ರಕಟಿಸಿದರು. ವಕೀಲರ ಪರಿಷತ್ತು ಅವರ ಮೇಲೆ ಶಿಸ್ತಿನ ಕ್ರಮ ಕೈಗೊಂಡಿತು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1977ರ ಜೂನ್ ತಿಂಗಳಲ್ಲಿ ಐವರು ನ್ಯಾಯಮೂರ್ತಿಗಳು ತರುಣರ ಪರವಾಗಿಯೂ ನಾಲ್ವರು ವಿರುದ್ಧವಾಗಿಯೂ ಅಭಿಪ್ರಾಯಪಟ್ಟರು. ಸುಳ್ಳಿಲ್ಲದ, ದಾರಿ ತಪ್ಪಿಸದ ಜಾಹೀರಾತನ್ನು ಸರಕಾರ ಪೂರ್ತಿಯಾಗಿ ನಿಷೇಧಿಸುವಂತಿಲ್ಲ ಎಂದು ತೀರ್ಮಾನವಾಯಿತು.

ಈ ಬಾಗಿಲು ತೆರೆದದ್ದು ಬಡವರಿಗೆ ವಿಷಯ ತಿಳಿಯಲೆಂದು ಎಂಬುದನ್ನು ನೆನಪಿನಲ್ಲಿಡಬೇಕು. ಆದರೆ ತೆರೆದ ಬಾಗಿಲಿನಿಂದ ಬೀಸಿದ ಗಾಳಿಯೇ ಬೇರೆ. ಅಪಘಾತದ ಪರಿಹಾರದ ದಾವೆಗಳಲ್ಲಿ ಅಲ್ಲಿನ ವಕೀಲರು ಮುಂಗಡವಾಗಿ ಶುಲ್ಕ ಪಡೆಯುವುದಿಲ್ಲ. ಗೆದ್ದರೆ ಬಂದ ಹಣದಲ್ಲಿ ಒಂದು ಪಾಲು, ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲು, ಅವರಿಗೆ ಸಲ್ಲುತ್ತದೆ. ಕೈಯಲ್ಲಿ ಕಾಸಿಲ್ಲದವನೂ ದೊಡ್ಡ ಕಂಪನಿಯ ಎದುರು ನಿಲ್ಲಬಹುದೆಂಬುದು ಇದರ ಗುಣ. ದೊಡ್ಡ ಗಾಯವಾದಷ್ಟೂ ವಕೀಲರಿಗೆ ದೊಡ್ಡ ಪಾಲು ಎಂಬುದು ಇದರ ದೋಷ. ಆದುದರಿಂದ ಗಾಯಗೊಂಡವರಿಗಾಗಿ ಪೈಪೋಟಿ ಹುಟ್ಟಿತು. ಹೆದ್ದಾರಿಯ ಪಕ್ಕದ ಫಲಕಗಳ ಮೇಲೆ, ಬಸ್ಸುಗಳ ಬೆನ್ನ ಮೇಲೆ, ದೂರದರ್ಶನದ ಪರದೆಯ ಮೇಲೆ ವಕೀಲರ ಮುಖಗಳು ಮೂಡಿದವು.

ಡಾಬು ಕೊರಳಿಗೆ, ಹಾರ ನಡುವಿಗೆ

ವಿದ್ಯಾರ್ಥಿನಿ ತನ್ನ ಸಂಸ್ಥೆಯ ಹಳೆಯ ಬರಹವನ್ನೂ ಕಳುಹಿಸಿದ್ದಳು. ಅದು ಇಂಗ್ಲಿಷಿನಲ್ಲಿದ್ದಿತು, ಅದರ ಭಾವವನ್ನು ಮಾತ್ರ ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ. “ನಾವು ಹೋರಾಡುತ್ತೇವೆ! ನಾವು ಬಗ್ಗುವವರಲ್ಲ! ನಿಮಗೆ ಬರಬೇಕಾದ ಹಣವನ್ನು ಕಿತ್ತು ತರುತ್ತೇವೆ! ಈ ಕ್ಷಣವೇ ಟೆಲಿಫೋನ್ ಮಾಡಿ!” ಜೊತೆಗೆ ಮುಷ್ಟಿ ಬಿಗಿದ ವಕೀಲರ ಚಿತ್ರ.

ಇದು ವೀರರಸ. ರಸವೇನೋ ಒಳ್ಳೆಯದೇ. ಆದರೆ ಕೇಳುವವರು ಯಾರು? ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದಲ್ಲಿದ್ದ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವವೆಂದು ವಾದಿಸಿದವನು. ಡಾಬನ್ನು ಕೊರಳಿಗೆ ಸುತ್ತಿಕೊಂಡು ಹಾರವನ್ನು ನಡುವಿಗೆ ಕಟ್ಟಿಕೊಂಡರೆ ನೋಡಿದವರು ನಗದೆ ಇರುತ್ತಾರೆಯೆ ಎಂದು ಅವನು ಕೇಳುತ್ತಾನೆ. ಆ ಮಾತಿನ ಜೊತೆಯಲ್ಲಿಯೇ ತಲೆ ಬಾಗಿ ನಿಂತವನ ಮುಂದೆ ಶೌರ್ಯವನ್ನು ಮೆರೆಸುವುದೂ ಅಷ್ಟೇ ಹಾಸ್ಯಾಸ್ಪದವೆಂದು ಸೇರಿಸುತ್ತಾನೆ. ಒಂಬೈನೂರು ವರ್ಷಕ್ಕೂ ಹಿಂದಿನ ಈ ಮಾತು ಫೀನಿಕ್ಸಿನ ಹೆದ್ದಾರಿಯ ಫಲಕಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಆ ಫಲಕವನ್ನು ಓದುವವನು ಯುದ್ಧಕ್ಕೆ ಹೊರಟ ವೀರನಲ್ಲ. ಅವನ ಮನೆಯಲ್ಲಿ ಆಸ್ಪತ್ರೆಯ ಬಿಲ್ಲುಗಳ ಕಟ್ಟು ಬೆಳೆಯುತ್ತಿದೆ. ಕೆಲಸ ಉಳಿದೀತೋ ಇಲ್ಲವೋ ತಿಳಿಯದು. ರಾತ್ರಿ ಕಣ್ಣು ಮುಚ್ಚಿದರೆ ಎದುರಿನಿಂದ ಬಂದ ಲಾರಿಯ ದೀಪವೇ ಕಾಣುತ್ತದೆ. ಅವನ ಮನಸ್ಸಿನಲ್ಲಿರುವುದು ದುಃಖ, ಭಯ.

ಹಾಗಾದರೆ ವೀರವನ್ನು ತೆಗೆದು ಆ ಜಾಗದಲ್ಲಿ ಕರುಣವನ್ನು ತುಂಬಿದರೆ ಸರಿಹೋಯಿತೆ? ವಿದ್ಯಾರ್ಥಿನಿಯ ಮೊದಲ ಕರಡು ಹಾಗೆಯೇ ಇದ್ದಿತು. “ನೀವು ನಮ್ಮ ಕುಟುಂಬದವರೇ. ನಿಮ್ಮ ಕಣ್ಣೀರು ನಮ್ಮ ಕಣ್ಣೀರು. ನಿಮ್ಮ ನೋವೇನೆಂಬುದು ನಮಗೆ ಗೊತ್ತು.”

ನಾನು ಉತ್ತರ ಬರೆದೆ: “ನೋಡಮ್ಮ, ಇದರಲ್ಲಿ ಒಂದು ವಾಕ್ಯವೂ ನಿಜವಲ್ಲ. ಅವರು ನಿಮ್ಮ ಕುಟುಂಬದವರಲ್ಲ. ಕುಟುಂಬದವರ ಹತ್ತಿರ ಯಾರೂ ಮೂರರಲ್ಲಿ ಒಂದು ಪಾಲನ್ನು ಕೇಳುವುದಿಲ್ಲ. ಅವರ ನೋವು ನಿಮಗೆ ಗೊತ್ತಿಲ್ಲ. ಅವರು ಇನ್ನೂ ಬಾಯಿಯನ್ನೇ ಬಿಟ್ಟಿಲ್ಲವಲ್ಲ! ನಮ್ಮ ಬೀದಿಯ ಹಿರಿಯರೊಬ್ಬರು ಆಸ್ಪತ್ರೆಗೆ ನೋಡಲು ಬಂದರೆ ಏನು ಮಾಡುತ್ತಾರೆ ಎಂಬುದನ್ನು ಜ್ಞಾಪಿಸಿಕೊ. ಎರಡು ಎಳನೀರು ತಂದಿರುತ್ತಾರೆ. ಸ್ಟೂಲು ಎಳೆದುಕೊಂಡು ಕುಳಿತುಕೊಳ್ಳುತ್ತಾರೆ. ‘ರಾತ್ರಿ ನಿದ್ದೆ ಬಂತೆ? ಊಟ ಸೇರಿತೆ?’ ಎನ್ನುತ್ತಾರೆ. ಆಮೇಲೆ ಸುಮ್ಮನೆ ಕೇಳುತ್ತಾರೆ. ಎದ್ದು ಹೊರಡುವಾಗ ಮಗನನ್ನು ಹೊರಗೆ ಕರೆದು, ‘ಪೊಲೀಸರಿಗೆ ಬರೆದುಕೊಟ್ಟಿರೇನಪ್ಪ? ಆಸ್ಪತ್ರೆಯ ಚೀಟಿಗಳನ್ನು ಜೋಪಾನವಾಗಿಡು’ ಎನ್ನುತ್ತಾರೆ. ಅಳುವುದಿಲ್ಲ, ಆರ್ಭಟಿಸುವುದೂ ಇಲ್ಲ. ಅವರು ಹೋದ ಮೇಲೆ ಮನೆಯವರಿಗೆ ಧೈರ್ಯ ಬಂದಿರುತ್ತದೆ. ನಿನಗೆ ಬೇಕಾಗಿರುವ ದನಿ ಅದು.”

ಸವಿಮಾತಿನ ಹಿಂದಿನ ಗಾಳ

ಬೆಚ್ಚನೆಯ ಮಾತಿಗೆ ಒಂದು ಅಪಾಯವೂ ಉಂಟು. ಒರಟು ಮಾತು ಕೇಳಿದವನು ಎಚ್ಚರಗೊಳ್ಳುತ್ತಾನೆ. ಸವಿಮಾತು ಕೇಳಿದವನು ಎಚ್ಚರ ತಪ್ಪುತ್ತಾನೆ. ಆಂಬುಲೆನ್ಸಿನ ಬೆನ್ನು ಹತ್ತಿ ಆಸ್ಪತ್ರೆಯ ಹಾಸಿಗೆಯವರೆಗೆ ಬರುವ ವಕೀಲರಿಗೆ ಅಮೆರಿಕದಲ್ಲಿ ಒಂದು ಹೀಯಾಳಿಕೆಯ ಹೆಸರೇ ಇದೆ. 1974ರಲ್ಲಿ ಓಹಿಯೋ ರಾಜ್ಯದಲ್ಲಿ ಅಂಥ ಪ್ರಸಂಗವೊಂದು ನಡೆಯಿತು. ಕಾರಿನ ಅಪಘಾತದಲ್ಲಿ ಗಾಯಗೊಂಡು, ಎಳೆಕಟ್ಟು ಹಾಕಿಸಿಕೊಂಡು ಮಲಗಿದ್ದ ಹದಿನೆಂಟು ವರ್ಷದ ಹುಡುಗಿಯ ಬಳಿಗೆ ವಕೀಲರೊಬ್ಬರು ಹೋಗಿ ಸಹಿ ಕೇಳಿದರು. ಅದೇ ಕಾರಿನಲ್ಲಿದ್ದು, ಆಗ ತಾನೆ ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಅವಳ ಗೆಳತಿಯ ಬಳಿಗೂ ಹೋದರು. ಅಲ್ಲಿ ಮಾತುಕತೆಯನ್ನು ಅವಳಿಗೆ ತಿಳಿಯದಂತೆ ಧ್ವನಿಮುದ್ರಿಸಿಕೊಂಡರು. ಮುಂದೆ ಇಬ್ಬರು ಹುಡುಗಿಯರೂ ಮನಸ್ಸು ಬದಲಾಯಿಸಿದರು, ದೂರು ಹೋಯಿತು. ಇದಕ್ಕೆ ಶಿಕ್ಷೆ ವಿಧಿಸುವ ಅಧಿಕಾರ ರಾಜ್ಯಕ್ಕೆ ಉಂಟೆಂದು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಎತ್ತಿ ಹಿಡಿಯಿತು. ಜಾಹೀರಾತಿಗೆ ಅನುಮತಿ ಸಿಕ್ಕಿ ಒಂದು ವರ್ಷವೂ ಆಗಿರಲಿಲ್ಲ. ಪತ್ರಿಕೆಯಲ್ಲಿ ಓದಿದವನು ಪುಟ ಮಗುಚಬಹುದು. ಹಾಸಿಗೆಯ ಪಕ್ಕದಲ್ಲಿ ಬಂದು ನಿಂತವರನ್ನು ಮಗುಚುವುದು ಹೇಗೆ?

ಫ್ಲಾರಿಡಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಪಘಾತವಾದ 30 ದಿನಗಳವರೆಗೆ ಗಾಯಗೊಂಡವರಿಗಾಗಲಿ ಸತ್ತವರ ಮನೆಯವರಿಗಾಗಲಿ ವಕೀಲರು ವ್ಯವಹಾರ ಕೋರಿ ಪತ್ರ ಬರೆಯಕೂಡದೆಂದು ಅಲ್ಲಿನ ನಿಯಮ. ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಇದನ್ನೂ ಒಪ್ಪಿತು. ಆದರೆ ಐದು ಮತಗಳಿಗೆ ನಾಲ್ಕು ಮತಗಳು ಎದುರಾಗಿದ್ದವು. ಭಿನ್ನಮತದ ನ್ಯಾಯಮೂರ್ತಿಗಳ ಮಾತಿನಲ್ಲಿಯೂ ಹುರುಳಿಲ್ಲದಿರಲಿಲ್ಲ. ಆ 30 ದಿನಗಳಲ್ಲಿ ಎದುರು ಪಕ್ಷದವರು ಬರುವುದನ್ನು ಈ ನಿಯಮ ತಡೆಯುವುದಿಲ್ಲ. ಗಾಯಗೊಂಡವನಿಗೆ ಸಲಹೆ ಹೆಚ್ಚು ಬೇಕಾಗಿರುವುದೂ ಆಗಲೇ ಎಂಬುದು ಅವರ ವಾದದ ತಿರುಳು. ವಿಮಾನಾಪಘಾತಗಳಿಗೆ ಸಂಬಂಧಿಸಿದಂತೆ 1996ರಲ್ಲಿ ಅಮೆರಿಕದ ಶಾಸನಸಭೆ ಇಂಥದೇ 30 ದಿನಗಳ ನಿರ್ಬಂಧವನ್ನು ತಂದು, 2000ದಲ್ಲಿ ಅದನ್ನು 45 ದಿನಗಳಿಗೆ ಏರಿಸಿತು. ದುಃಖದಲ್ಲಿರುವವರನ್ನು ಅವರ ಪಾಡಿಗೆ ಬಿಡುವುದು ಕರುಣೆಯೋ, ಬೇಕಾದ ಮಾತನ್ನು ಹೊತ್ತಿಗೆ ಸರಿಯಾಗಿ ತಲುಪಿಸುವುದು ಕರುಣೆಯೋ? ದೊಡ್ಡ ನ್ಯಾಯಮೂರ್ತಿಗಳಿಗೇ ಒಮ್ಮತ ದೊರಕಲಿಲ್ಲ.

ಇನ್ನೊಂದು ವ್ಯಾಜ್ಯವಂತೂ ಭಾಷೆಯ ಮೇಷ್ಟರಾದ ನಮ್ಮಂಥವರು ಓದಲೇಬೇಕಾದದ್ದು. ಒಂದು ಬಗೆಯ ಗರ್ಭನಿರೋಧಕ ಸಾಧನದಿಂದ ತೊಂದರೆಗೆ ಒಳಗಾದ ಹೆಂಗಸರನ್ನು ಉದ್ದೇಶಿಸಿ ಓಹಿಯೋದ ವಕೀಲರೊಬ್ಬರು ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟರು. ಪರಿಹಾರ ಬಾರದಿದ್ದರೆ ಶುಲ್ಕವಿಲ್ಲ ಎಂದು ಅದರಲ್ಲಿ ಭರವಸೆ ಇದ್ದಿತು. ಮಾತು ಸುಳ್ಳಲ್ಲ. ಆದರೆ ‘ಶುಲ್ಕ’ ಬೇರೆ, ‘ಖರ್ಚು’ ಬೇರೆ. ನ್ಯಾಯಾಲಯಕ್ಕೆ ಕಟ್ಟಬೇಕಾದ ಹಣ, ತಜ್ಞರಿಗೆ ಕೊಡಬೇಕಾದ ಹಣ ಮುಂತಾದುವು ಸೋತರೂ ಕಕ್ಷಿಗಾರರ ತಲೆಯ ಮೇಲೆಯೇ ಬೀಳಬಹುದು. ಸಾಮಾನ್ಯ ಜನರಿಗೆ ಈ ಭೇದ ಹೊಳೆಯುವುದು ಹೇಗೆ? ತಿಳಿಸಬೇಕಾದುದನ್ನು ತಿಳಿಸದೆ ಬಿಟ್ಟದ್ದು ದಾರಿ ತಪ್ಪಿಸಿದಂತೆಯೇ ಆಯಿತೆಂದು 1985ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅದೇ ತೀರ್ಪಿನಲ್ಲಿ, ಆ ಸಾಧನದ ಚಿತ್ರವನ್ನು ಅಚ್ಚು ಹಾಕಿದ್ದಕ್ಕಾಗಲಿ, ನಿಜಸಂಗತಿಗಳನ್ನು ತಿಳಿಸಿ ಕಕ್ಷಿಗಾರರನ್ನು ಕರೆದದ್ದಕ್ಕಾಗಲಿ ದಂಡಿಸುವಂತಿಲ್ಲ ಎಂದೂ ಹೇಳಿತು. ಜಾಹೀರಾತು ಕೊಟ್ಟದ್ದು ತಪ್ಪಲ್ಲ. ಅರ್ಧ ಮಾತು ಆಡಿದ್ದು ತಪ್ಪು.

ಇದನ್ನು ವಿದ್ಯಾರ್ಥಿನಿಗೆ ನೆನಪು ಮಾಡಿಕೊಟ್ಟೆ. “ನಿನ್ನ ಬರಹದಲ್ಲಿ ಎಲ್ಲಕ್ಕಿಂತ ಆತ್ಮೀಯವಾದ ವಾಕ್ಯ ಯಾವುದಾಗಬೇಕು ಗೊತ್ತೆ? ಹಣದ ವಾಕ್ಯ. ಸೋತರೆ ಯಾರು ಏನು ಕೊಡಬೇಕು, ಗೆದ್ದರೆ ಖರ್ಚನ್ನು ಕಳೆದು ಪಾಲು ಮಾಡುತ್ತೀರೋ, ಪಾಲು ಮಾಡಿ ಖರ್ಚು ಕಳೆಯುತ್ತೀರೋ ಎಂಬುದನ್ನು ಹತ್ತನೆಯ ತರಗತಿಯ ಹುಡುಗನಿಗೂ ತಿಳಿಯುವಂತೆ ಬರೆ.”

ಹತ್ತು ಕ್ಷಣದ ದನಿ

ಮಾತಿನ ಅರ್ಥದ ವಿಷಯ ಹೀಗಾಯಿತು. ದನಿಯ ವಿಷಯ ಇನ್ನೂ ಸ್ವಾರಸ್ಯವಾದದ್ದು. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಿಕೆಯಾಗಿದ್ದ ನಳಿನಿ ಅಂಬಾಡಿಯವರೂ ಅವರ ಸಂಗಡಿಗರೂ 2002ರಲ್ಲಿ ಒಂದು ಸಂಶೋಧನೆಯನ್ನು ಪ್ರಕಟಿಸಿದರು. ಶಸ್ತ್ರವೈದ್ಯರು ರೋಗಿಗಳೊಡನೆ ಆಡಿದ ಮಾತುಗಳ ಧ್ವನಿಮುದ್ರಣದಿಂದ ಹತ್ತು ಹತ್ತು ಸೆಕೆಂಡುಗಳ ತುಣುಕುಗಳನ್ನು ತೆಗೆದುಕೊಂಡರು. ಪದಗಳು ತಿಳಿಯದಂತೆ, ದನಿಯ ಏರಿಳಿತ ಮಾತ್ರ ಕೇಳಿಸುವಂತೆ ಅವನ್ನು ಸೋಸಿದರು. ವೈದ್ಯರು ಯಾರೆಂದು ತಿಳಿಯದ ಕೇಳುಗರು ಆ ದನಿಗಳನ್ನು ಅಳೆದರು. ಯಾರ ದನಿಯಲ್ಲಿ ಅಧಿಕಾರದ ಗತ್ತು ಹೆಚ್ಚಾಗಿಯೂ ಕಳಕಳಿ ಕಡಿಮೆಯಾಗಿಯೂ ತೋರಿತೋ, ಅವರ ಮೇಲೆ ಹಿಂದೆ ರೋಗಿಗಳು ದಾವೆ ಹೂಡಿದ್ದ ಸಂಭವ ಹೆಚ್ಚಾಗಿದ್ದಿತು.

ದನಿ ಗಡುಸಾದುದರಿಂದಲೇ ದಾವೆ ಬಂದಿತೆಂದು ಇದರಿಂದ ಸಾಧಿಸಿದಂತಾಗುವುದಿಲ್ಲ. ಆದರೆ ನೊಂದವನು ಪದಕ್ಕಿಂತ ಮೊದಲು ದನಿಯನ್ನು ಕೇಳಿಸಿಕೊಳ್ಳುತ್ತಾನೆ ಎಂಬುದು ನಮಗೆಲ್ಲ ಅನುಭವದಿಂದ ತಿಳಿದ ಸಂಗತಿಯೇ. “ಬನ್ನಿ, ಕೂತುಕೊಳ್ಳಿ” ಎಂಬ ಎರಡು ಮಾತುಗಳನ್ನು ಹೊಡೆದಂತೆಯೂ ಆಡಬಹುದು, ಮೈದಡವಿದಂತೆಯೂ ಆಡಬಹುದು. ಇನ್ನೊಂದನ್ನೂ ಗಮನಿಸಬೇಕು: ವಕೀಲರ ಬಾಗಿಲಿಗೆ ಬರುವವನು ಅದಕ್ಕಿಂತ ಮುಂಚೆಯೇ ಹಲವು ಗಡುಸು ದನಿಗಳನ್ನು ಕೇಳಿಕೊಂಡು ಬಂದಿರುತ್ತಾನೆ. ಅವನು ಹುಡುಕುತ್ತಿರುವುದು ಹಣವನ್ನಷ್ಟೇ ಅಲ್ಲ. ತನ್ನ ಕಥೆಯನ್ನು ಕೊನೆಯವರೆಗೆ ಕೇಳುವ ಒಬ್ಬ ಮನುಷ್ಯನನ್ನು.

ಭೋಪಾಲದ ಪಾಠ

ಇದೆಲ್ಲ ದೂರದ ದೇಶದ ಕಥೆಯೆಂದು ನಾವು ತಳ್ಳಿಹಾಕುವಂತಿಲ್ಲ. ಆ ವಕೀಲರ ದನಿ ಒಮ್ಮೆ ನಮ್ಮ ನೆಲಕ್ಕೂ ಬಂದಿತ್ತು. 1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಇನ್ನೂ ಶವಸಂಸ್ಕಾರಗಳು ನಡೆಯುತ್ತಿದ್ದಾಗಲೇ ಅಮೆರಿಕದ ವಕೀಲರು ವಿಮಾನದಿಂದ ಇಳಿದರು. ಕಣ್ಣು ಕಾಣದೆ, ಉಸಿರು ಸಿಕ್ಕದೆ ನರಳುತ್ತಿದ್ದ ಬಡವರಿಂದ, ಅವರಿಗೆ ಓದಲು ಬಾರದ ಕಾಗದಗಳ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರು.

ಇದನ್ನು ಕಂಡು ಭಾರತ ಸರಕಾರ 1985ರಲ್ಲಿ ಒಂದು ವಿಶೇಷ ಕಾಯಿದೆಯನ್ನು ಮಾಡಿ, ನೊಂದವರೆಲ್ಲರ ಪರವಾಗಿ ದಾವೆ ನಡೆಸುವ ಹಕ್ಕನ್ನು ತಾನೇ ವಹಿಸಿಕೊಂಡಿತು. ನ್ಯೂಯಾರ್ಕಿನ ನ್ಯಾಯಾಲಯವು 1986ರಲ್ಲಿ ವ್ಯಾಜ್ಯವನ್ನು ಭಾರತಕ್ಕೆ ಕಳುಹಿಸಿತು. 1989ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ 47 ಕೋಟಿ ಡಾಲರುಗಳಿಗೆ ರಾಜಿಯಾಯಿತು. ಆ ರಾಜಿಗೆ ಮುಂಚೆ ಅನಿಲಪೀಡಿತರನ್ನು ಯಾರೂ ಕೇಳಲಿಲ್ಲ. ಅವರಿಗೆ ತಿಳಿಸಿ ಅವರ ಅಭಿಪ್ರಾಯವನ್ನು ಕೇಳಬೇಕಾಗಿತ್ತು ಎಂಬುದನ್ನು ಅದೇ ವರ್ಷದ ಡಿಸೆಂಬರಿನಲ್ಲಿ ನ್ಯಾಯಾಲಯವೇ ಒಪ್ಪಿಕೊಂಡಿತು. ಆದರೂ ಕಾಯಿದೆಯನ್ನು ಊರ್ಜಿತಗೊಳಿಸಿತು.

ಒಂದು ಕಡೆ ಪಾಲಿನ ಆಸೆಯಿಂದ ಸವಿಮಾತಾಡುತ್ತ ಬಂದವರು. ಇನ್ನೊಂದು ಕಡೆ ತಂದೆಯ ಸ್ಥಾನದಲ್ಲಿ ನಿಂತು, ಮಕ್ಕಳನ್ನು ಕೇಳದೆಯೇ ಮಾತು ಮುಗಿಸಿದವರು. ಎರಡೂ ಕಡೆ ಕೊರತೆಯಾದದ್ದು ಒಂದೇ: ನೊಂದವರ ಮಾತನ್ನು ಕೇಳುವ ಕಿವಿ. ಕೇಳಿಸಿಕೊಳ್ಳದವನ ಮಾತು ಎಷ್ಟು ಸವಿಯಾದರೂ, ಎಷ್ಟು ಸದುದ್ದೇಶದ್ದಾದರೂ, ಅದರಲ್ಲಿ ಬಿಸುಪು ಇರುವುದಿಲ್ಲ.

ನಮ್ಮಲ್ಲಿ

ನಮ್ಮ ದೇಶದ ಕಟ್ಟಳೆಯೇ ಬೇರೆ. ಭಾರತೀಯ ವಕೀಲರ ಪರಿಷತ್ತಿನ 36ನೆಯ ನಿಯಮದಂತೆ ವಕೀಲರು ಜಾಹೀರಾತಿನಿಂದಾಗಲಿ, ಸುತ್ತೋಲೆಯಿಂದಾಗಲಿ, ದಲ್ಲಾಳಿಗಳಿಂದಾಗಲಿ ವ್ಯವಹಾರವನ್ನು ಕೋರುವಂತಿಲ್ಲ. ಅಂತರಜಾಲದಲ್ಲಿ ಹೆಸರು, ವಿಳಾಸ, ನೋಂದಣಿ, ವಿದ್ಯಾರ್ಹತೆ ಮುಂತಾದ ವಿವರಗಳನ್ನು ಮಾತ್ರ ಕೊಡಬಹುದೆಂದು 2008ರಲ್ಲಿ ಸಡಿಲಿಕೆಯಾಯಿತು. 20ನೆಯ ನಿಯಮದಂತೆ ಗೆದ್ದರೆ ಇಷ್ಟು ಪಾಲು ಎಂಬ ಕರಾರೂ ಕೂಡದು. ಆದುದರಿಂದ ಮುಷ್ಟಿ ಬಿಗಿದ ವಕೀಲರ ಚಿತ್ರ ನಮ್ಮ ಬೆಂಗಳೂರಿನ ವೃತ್ತಗಳಲ್ಲಿ ಕಾಣುವುದಿಲ್ಲ. ಇದು ಸಂತೋಷದ ವಿಷಯವೇ.

ಆದರೆ ಮೌನಕ್ಕೂ ಒಂದು ಬೆಲೆ ಇದೆ. ಫೀನಿಕ್ಸಿನ ತರುಣರು ಕೇಳಿದ ಪ್ರಶ್ನೆ ನಮ್ಮಲ್ಲಿ ಹಾಗೆಯೇ ಉಳಿದಿದೆ: ತನ್ನ ಹಕ್ಕು ಏನೆಂದು ಬಡವನಿಗೆ ತಿಳಿಯುವ ಬಗೆ ಹೇಗೆ? ರಸ್ತೆಯ ಅಪಘಾತದಲ್ಲಿ ಗಾಯಗೊಂಡವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿಕೊಳ್ಳಬಹುದೆಂಬುದು ಎಷ್ಟು ಮನೆಗಳಲ್ಲಿ ಗೊತ್ತಿದೆ? ಅರ್ಜಿಯನ್ನು ಆರು ತಿಂಗಳೊಳಗೆ ಸಲ್ಲಿಸಬೇಕೆಂದು 2019ರ ತಿದ್ದುಪಡಿ ಹೇಳಿತು; 2022ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿತು. ಆ ಅವಧಿಯ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಹೋಗಿದೆಯಾದರೂ ತಡಮಾಡದಿರುವುದೇ ಜಾಣತನ. ಗುದ್ದಿದ ವಾಹನ ಯಾವುದೆಂದು ಪತ್ತೆಯಾಗದಿದ್ದರೂ, ಸಾವು ಸಂಭವಿಸಿದ್ದರೆ 2 ಲಕ್ಷ ರೂಪಾಯಿ, ತೀವ್ರ ಗಾಯವಾಗಿದ್ದರೆ 50 ಸಾವಿರ ರೂಪಾಯಿ ಪರಿಹಾರ ಕೊಡುವ ಯೋಜನೆಯೂ ಅದೇ ದಿನದಿಂದ ನಡೆದುಬಂದಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು, ಕಡಿಮೆ ವರಮಾನದವರು ಮುಂತಾದವರಿಗೆ ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ. 15100 ಎಂಬ ಸಂಖ್ಯೆಗೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ. ಈ ಮಾತುಗಳನ್ನು ಆಸ್ಪತ್ರೆಯ ಗೋಡೆಯ ಮೇಲೆ, ತಿಳಿಯಾದ ಕನ್ನಡದಲ್ಲಿ, ಹಿರಿಯರು ಹೇಳುವ ದನಿಯಲ್ಲಿ ಬರೆದಿಟ್ಟರೆ ಅದಕ್ಕಿಂತ ದೊಡ್ಡ ಸಾಂತ್ವನ ಬೇರೆ ಬೇಕೆ? ಅಂಥ ಬರಹ ಇಲ್ಲದ ಕಡೆ ದಲ್ಲಾಳಿಯೇ ಗೋಡೆಗೆ ಒರಗಿ ನಿಂತಿರುತ್ತಾನೆ.

ಮೂರನೆಯ ಕರಡು

ಎರಡು ವಾರಗಳ ಮೇಲೆ ವಿದ್ಯಾರ್ಥಿನಿ ಮೂರನೆಯ ಕರಡನ್ನು ಕಳುಹಿಸಿದಳು. ಅದರ ಭಾವ ಹೀಗಿದ್ದಿತು:

“ಅಪಘಾತವಾದ ಮೇಲೆ ಮೊದಲು ಏನು ಮಾಡಬೇಕು, ಆಮೇಲೆ ಏನು ಮಾಡಬೇಕು ಎಂದು ತೋಚದಿರುವುದು ಸಹಜ. ಮೊದಲು ವೈದ್ಯರನ್ನು ಕಾಣಿ. ಚೀಟಿಗಳನ್ನೂ ಬಿಲ್ಲುಗಳನ್ನೂ ಒಂದೆಡೆ ಇಡಿ. ವಿಮಾ ಕಂಪನಿಯವರು ಕೊಟ್ಟ ಕಾಗದಕ್ಕೆ ಓದಿ ತಿಳಿಯದೆ ಸಹಿ ಹಾಕಬೇಡಿ. ಅರಿಜೋನಾದಲ್ಲಿ ದಾವೆ ಹೂಡಲು ಸಾಮಾನ್ಯವಾಗಿ ಎರಡು ವರ್ಷ ಅವಕಾಶವಿದೆ. ಸರಕಾರಿ ಸಂಸ್ಥೆಯ ಮೇಲಾದರೆ 180 ದಿನಗಳೊಳಗೆ ನೋಟೀಸು ಕೊಡಬೇಕು. ನಿಮಗೆ ವಕೀಲರು ಬೇಕಾಗದೆಯೂ ಇರಬಹುದು. ಬೇಕೆ ಬೇಡವೆ ಎಂದು ನಮ್ಮನ್ನು ಕೇಳುವುದಕ್ಕೆ ಹಣ ಕೊಡಬೇಕಾಗಿಲ್ಲ.” ಅದರ ಕೆಳಗೆ ಶುಲ್ಕ ಮತ್ತು ಖರ್ಚಿನ ಲೆಕ್ಕವನ್ನು ಉದಾಹರಣೆಯೊಡನೆ ಬಿಡಿಸಿಟ್ಟಿದ್ದಳು.

‘ಕಾಳಜಿ’ ಎಂಬ ಮಾತು ಇಡೀ ಪುಟದಲ್ಲಿ ಎಲ್ಲಿಯೂ ಇರಲಿಲ್ಲ. ಆದರೆ ಓದಿದರೆ ಯಾರೋ ಪಕ್ಕದಲ್ಲಿ ಕುಳಿತು ಹೇಳಿದಂತಿತ್ತು.

ಯಜಮಾನರು ಸುಲಭವಾಗಿ ಒಪ್ಪಲಿಲ್ಲವಂತೆ. “ನಿಮಗೆ ವಕೀಲರು ಬೇಕಾಗದೆಯೂ ಇರಬಹುದು” ಎಂಬ ವಾಕ್ಯದ ಮೇಲೆ ಅವರ ಬೆರಳು ನಿಂತಿತಂತೆ. “ಅಂಗಡಿಯವನು ಬಂದ ಗಿರಾಕಿಗೆ ‘ನಿನಗೆ ಸಾಮಾನು ಬೇಕಿಲ್ಲ, ಹೋಗು’ ಎನ್ನುತ್ತಾನೆಯೆ?” ಎಂದು ಕೇಳಿದರಂತೆ. “ಅಂಗಡಿಯವರು ಎನ್ನುವುದಿಲ್ಲ, ಒಳ್ಳೆಯ ವೈದ್ಯರು ಎನ್ನುತ್ತಾರೆ” ಎಂದಳಂತೆ ನಮ್ಮ ಹುಡುಗಿ. ಕೊನೆಗೆ ಕೈಪಿಡಿಯಲ್ಲಿ ಆ ವಾಕ್ಯ ಉಳಿಯಿತು. ಹೆದ್ದಾರಿಯ ಫಲಕಕ್ಕೆ ಏರಲಿಲ್ಲ. ಫಲಕದ ಮೇಲಿನ ಮುಷ್ಟಿ ಮಾತ್ರ ಬಿಚ್ಚಿತಂತೆ.

ಆದರೆ ಅವಳ ಪತ್ರದ ಮುಖ್ಯ ಸಂಗತಿ ಇದಲ್ಲ. ಹೊಸ ಬರಹ ಅಚ್ಚಾದ ಮೇಲೆ ಅವಳು ಒಂದು ರಾತ್ರಿ ತಾನೇ ಕಕ್ಷಿಗಾರಳಂತೆ ಕಚೇರಿಗೆ ಟೆಲಿಫೋನ್ ಮಾಡಿದಳಂತೆ. ಕಚೇರಿ ಮುಚ್ಚಿದ ಮೇಲೆ ಕರೆಗಳನ್ನು ತೆಗೆದುಕೊಳ್ಳಲು ಬಾಡಿಗೆಯ ಏರ್ಪಾಡೊಂದಿತ್ತು. ಅತ್ತಲಿಂದ ಬಂದ ಮೊದಲ ಪ್ರಶ್ನೆ: “ತಪ್ಪು ಯಾರದು? ಎದುರು ವಾಹನಕ್ಕೆ ವಿಮೆ ಇದೆಯೆ?” ದಾವೆ ಲಾಭದಾಯಕವೋ ಅಲ್ಲವೋ ಎಂದು ಜರಡಿ ಹಿಡಿಯುವ ಪ್ರಶ್ನೆಗಳು ಅವು. “ನಾನು ಬರೆದದ್ದೆಲ್ಲ ಆ ಒಂದು ಪ್ರಶ್ನೆಯಲ್ಲಿ ಸುಳ್ಳಾಯಿತು, ಮೇಷ್ಟ್ರೇ” ಎಂದು ಬರೆದಿದ್ದಳು.

ಮಾರನೆಯ ದಿನ ಯಜಮಾನರಿಗೂ ಅದನ್ನು ಕೇಳಿಸಿದಳು. ಅವರು ಬಹಳ ಹೊತ್ತು ಮಾತಾಡಲಿಲ್ಲವಂತೆ. ಈಗ ಪ್ರಶ್ನೆಗಳ ಪಟ್ಟಿ ಬದಲಾಗಿದೆ. ಮೊದಲನೆಯದು, “ನೀವು ಈಗ ಹೇಗಿದ್ದೀರಿ? ವೈದ್ಯರು ನೋಡಿದರೆ?” ಎರಡನೆಯದು, “ಏನಾಯಿತೆಂದು ನಿಧಾನವಾಗಿ ಹೇಳುತ್ತೀರಾ?” ವಿಮೆಯ ವಿಚಾರ ಆಮೇಲೆ. ದಾವೆಯನ್ನು ವಹಿಸಿಕೊಳ್ಳಲು ಆಗದಿದ್ದರೆ, ಅವಧಿ ಮೀರುವ ದಿನ ಯಾವುದು, ಬೇರೆ ಎಲ್ಲಿ ವಿಚಾರಿಸಬಹುದು ಎಂಬ ಎರಡು ಮಾತುಗಳನ್ನು ಹೇಳದೆ ಟೆಲಿಫೋನ್ ಇಡಬಾರದು ಎಂಬುದು ಕೊನೆಯ ನಿಯಮ.

ಕಳೆದ ವಾರ ಬಂದ ಪತ್ರದ ಕೊನೆಯಲ್ಲಿ ನಾಲ್ಕು ಸಾಲುಗಳಿದ್ದವು. ವಯಸ್ಸಾದ ಹೆಂಗಸೊಬ್ಬರು ರಾತ್ರಿ ಕರೆ ಮಾಡಿದ್ದರಂತೆ. ಅಂಗಡಿಯೊಂದರ ಮೆಟ್ಟಿಲಿನಲ್ಲಿ ಜಾರಿ ಬಿದ್ದವರು. ಅದು ಆ ಸಂಸ್ಥೆ ವಹಿಸಿಕೊಳ್ಳುವ ಬಗೆಯ ದಾವೆಯಾಗಿರಲಿಲ್ಲ. ಕರೆ ತೆಗೆದುಕೊಂಡವರು ಕೊನೆಯವರೆಗೆ ಕೇಳಿ, ಅವಧಿಯನ್ನೂ ಹತ್ತಿರದ ಕಾನೂನು ನೆರವಿನ ಕಚೇರಿಯನ್ನೂ ತಿಳಿಸಿದರು. ಆಕೆ ಬರೆದುಕೊಂಡು, “ಇಷ್ಟು ದಿನದಲ್ಲಿ ಪೂರ್ತಿ ಕೇಳಿದವರು ನೀವೊಬ್ಬರೇ” ಎಂದರಂತೆ.

“ದಾವೆ ನಮಗೆ ಬರಲಿಲ್ಲ, ಮೇಷ್ಟ್ರೇ. ಆದರೆ ಆ ರಾತ್ರಿ ನಮ್ಮ ಜಾಹೀರಾತು ಸುಳ್ಳಾಗಲಿಲ್ಲ” ಎಂದು ಮುಗಿಸಿದ್ದಳು.